ಕಣ್ಣಿನ ಓಪಿಡಿಯಲ್ಲಿ ಕೂತು ಹುಡುಕಬೇಕಾದ ಪ್ರಶ್ನೆಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು, ವಿದ್ಯಾರ್ಥಿಗಳ ಕಿರು ಸಂಶೋಧನಾ ಯೋಜನೆಯಾದ ಎಸ್‌ಟಿಎಸ್‌ಗೆ ಅರ್ಜಿ ಕರೆದರು ಅಂದರೆ ನಮ್ಮ ಕಣ್ಣಿನ ವಿಭಾಗಕ್ಕೆ ಎಂಬಿಬಿಎಸ್ ಮಕ್ಕಳು ಬರತೊಡಗುತ್ತಾರೆ. ಬಹುತೇಕರ ಮಾತು ಒಂದೇ. "ಮೇಡಂ, ಆಫ್ತಲ್‌ನಲ್ಲಿ ರಿಸರ್ಚ್ ಮಾಡ್ಬೇಕು ಅಂತಿದೀನಿ. ಒಂದು ಟಾಪಿಕ್ ಕೊಡ್ತೀರಾ?"

ನಾನು ಟಾಪಿಕ್ ಕೊಡುವುದಿಲ್ಲ. ಒಂದು ವಾರ ಓಪಿಡಿಯಲ್ಲಿ ಕೂರು ಅನ್ನುತ್ತೇನೆ. ಡಾಕ್ಟರು ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಹತ್ತಿರ ಅಲ್ಲ, ಹೊರಗೆ ಚೀಟಿ ಹಿಡಿದು ಜನ ಕಾಯುವ ಬೆಂಚಿನ ಮೇಲೆ. ಯಾರು ಎಲ್ಲಿಂದ ಬಂದರು, ಕಣ್ಣಿಗೆ ಏನಾಗಿ ಎಷ್ಟು ದಿನ ಆಯಿತು, ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಹೋಗಿದ್ದರು, ಸುಮ್ನೆ ಕೇಳುತ್ತಾ ಕೂರು. ಕೆಲವರು ಮರುದಿನ ಬರುವುದಿಲ್ಲ. ಬಂದವರ ನೋಟ್‌ಬುಕ್ಕಿನಲ್ಲಿ ವಾರದ ಕೊನೆಗೆ ಒಂದಾದರೂ ಒಳ್ಳೆಯ ಪ್ರಶ್ನೆ ಇರುತ್ತದೆ.

ಇದಕ್ಕೆ ಕಾರಣ ಇದೆ. ಎಂಡಿ, ಎಂಎಸ್ ಓದುವ ಪಿಜಿಗಳಿಗೆ ಡ್ಯೂಟಿ ಮುಗಿಯುವುದಿಲ್ಲ. ನಮ್ಮಂಥ ಮೇಷ್ಟ್ರುಗಳಿಗೆ ಆಪರೇಷನ್ನು, ಕ್ಲಾಸು, ಮೀಟಿಂಗು. ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಇಡೀ ಆಸ್ಪತ್ರೆಯಲ್ಲಿ ಒಬ್ಬ ಅಜ್ಜನ ಪಕ್ಕ ಅರ್ಧ ಗಂಟೆ ಕೂತು ಅವನ ಕಥೆ ಪೂರ್ತಿ ಕೇಳುವಷ್ಟು ಪುರುಸೊತ್ತು ಇರುವುದು ವಿದ್ಯಾರ್ಥಿಗೆ ಮಾತ್ರ. ಹಾಗಾಗಿ ವಿದ್ಯಾರ್ಥಿಯ ಸಂಶೋಧನೆ ಆ ಪುರುಸೊತ್ತನ್ನು ಬಳಸಿಕೊಳ್ಳಬೇಕು ಎಂಬುದು ನನ್ನ ನಂಬಿಕೆ. ದುಬಾರಿ ಮಷೀನು ಬೇಡುವ ಕೆಲಸವನ್ನು ಬೇರೆಯವರು ಮಾಡುತ್ತಾರೆ. ರೋಗಿ ಮನೆಯಿಂದ ಆಸ್ಪತ್ರೆಯವರೆಗೆ ಹೇಗೆ ಬಂದ, ಆಸ್ಪತ್ರೆಯಿಂದ ಹೋದ ಮೇಲೆ ಅವನಿಗೆ ಏನಾಯಿತು ಅನ್ನುವುದನ್ನು ಬರೆದಿಡುವವರು ಕಡಿಮೆ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಮೆಕ್ಕೆಜೋಳ, ಭತ್ತದ ಕೊಯ್ಲು ಬಂತೆಂದರೆ ಓಪಿಡಿಯಲ್ಲಿ ಕೆಂಪು ಕಣ್ಣುಗಳು ಜಾಸ್ತಿಯಾಗುತ್ತವೆ. ಗರಿ ಬಡಿದಿರುತ್ತದೆ, ಇಲ್ಲವೇ ಹೊಟ್ಟು ಹಾರಿ ಬಿದ್ದಿರುತ್ತದೆ. ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಗೀರಿರುತ್ತದೆ. ಆ ಗೀರಿನಲ್ಲಿ ಫಂಗಸ್ ಬೆಳೆದರೆ ಹುಣ್ಣು. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತದೆ. ಹಳ್ಳಿಯಲ್ಲಿ ಅದಕ್ಕೆ ಕಣ್ಣಲ್ಲಿ ಹೂ ಬಿದ್ದಿದೆ ಅನ್ನುತ್ತಾರೆ. ಕಲೆ ನಡುವೆ ಬಿದ್ದರೆ ಆ ಕಣ್ಣಿನ ನೋಟ ಹೋದಂತೆಯೇ.

ಇದರ ಮದ್ದಿನ ಬಗ್ಗೆ ದೊಡ್ಡ ಸಂಶೋಧನೆ ನಮ್ಮ ದಕ್ಷಿಣ ಭಾರತದಲ್ಲೇ ನಡೆದಿದೆ. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳು ಮತ್ತು ಅಮೆರಿಕದ ಪ್ರಾಕ್ಟರ್ ಫೌಂಡೇಶನ್ ಸೇರಿ ಮಾಡಿದ ಮಟ್ ಎಂಬ ಟ್ರಯಲ್‌ನಲ್ಲಿ 323 ರೋಗಿಗಳಿಗೆ ಹಳೆಯ ನಾಟಮೈಸಿನ್ ಅಥವಾ ಹೊಸ ವೊರಿಕೊನಜೋಲ್ ಡ್ರಾಪ್ಸ್ ಕೊಟ್ಟು ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಗೆದ್ದದ್ದು ಹಳೆಯದೇ. ಅದರಲ್ಲೂ ಫ್ಯುಸೇರಿಯಂ ಅನ್ನುವ ಫಂಗಸ್ ಇದ್ದಾಗ ಎರಡರ ನಡುವಿನ ಅಂತರ ಎದ್ದು ಕಂಡಿತು. ಇದು ವಿದ್ಯಾರ್ಥಿಯ ಕೈಗೆ ಮೀರಿದ ಕೆಲಸ, ಸರಿ.

ಆದರೆ ನೇಪಾಳದ ಭಕ್ತಪುರದಲ್ಲಿ ಇದಕ್ಕೂ ಮೊದಲು ನಡೆದ ಒಂದು ಕೆಲಸ ನನಗೆ ಇನ್ನೂ ಇಷ್ಟ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಾರ್ನಿಯಾದ ಗೀರು ಗುರುತಿಸುವುದನ್ನು ಕಲಿಸಿದರು. ಗೀರು ಕಂಡರೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. ಗೀರು ಬಿದ್ದಿದ್ದ 442 ಜನರಲ್ಲಿ 424 ಜನರಿಗೆ ಸೋಂಕಿಲ್ಲದೆ ವಾಸಿಯಾಯಿತು. ಪೆಟ್ಟು ಬಿದ್ದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಬೇಕಾಗಿದ್ದು ಟಾರ್ಚು, ಗೀರು ಎದ್ದು ಕಾಣಿಸುವ ಬಣ್ಣದ ಪಟ್ಟಿ, ಮುಲಾಮಿನ ಟ್ಯೂಬು, ತಾಳ್ಮೆಯಿಂದ ಬರೆದಿಟ್ಟ ಲೆಕ್ಕ.

ಹಾಗಾದರೆ ನಮ್ಮ ಓಪಿಡಿಗೆ ಬರುವ ರೈತನಿಗೆ ಗರಿ ಬಡಿದ ಗಳಿಗೆಯಿಂದ ಸ್ಲಿಟ್ ಲ್ಯಾಂಪಿನ ಮುಂದೆ ಕೂರುವವರೆಗೆ ಎಷ್ಟು ಹೊತ್ತಾಯಿತು? ನಡುವೆ ಏನೇನಾಯಿತು? ಮೆಡಿಕಲ್ ಶಾಪಿನಲ್ಲಿ ಯಾವ ಡ್ರಾಪ್ಸ್ ಕೊಟ್ಟರು, ಅದರಲ್ಲಿ ಸ್ಟೀರಾಯ್ಡ್ ಇತ್ತಾ? ಫಂಗಸ್ ಹುಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಹಬ್ಬುತ್ತದೆ. ಆದರೆ ಮೊದಲೆರಡು ದಿನ ಕೆಂಪು ಇಳಿದು ಹಾಯೆನಿಸುವುದರಿಂದ ರೋಗಿ ಅದನ್ನೇ ಹಾಕುತ್ತಾ ಹೋಗುತ್ತಾನೆ. ಮನೆಯಲ್ಲಿ ಹರಳೆಣ್ಣೆ ಬಿಟ್ಟರಾ, ಎದೆಹಾಲು ಹಿಂಡಿದರಾ, ನಂದಿಬಟ್ಟಲು ಹೂವಿನ ರಸ ಹಾಕಿದರಾ, ಊರಲ್ಲಿ ಯಾರಿಂದಲಾದರೂ ನಾಲಿಗೆಯಲ್ಲಿ ಕಸ ತೆಗೆಸಿದರಾ? ಬೈಗುಳ ಬರುತ್ತದೆ ಅನ್ನಿಸಿದರೆ ಇದನ್ನು ಯಾರೂ ಡಾಕ್ಟರ ಮುಂದೆ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಮೊದಲು ಊರು, ಬೆಳೆ, ಮಳೆ ಅಂತ ಮಾತಾಡಿಸಿದ ಹುಡುಗಿಗೆ ಹೇಳುತ್ತಾರೆ.

ಈ ಪ್ರಶ್ನೆಗಳನ್ನು ಬರೆದ ಒಂದು ಪುಟದ ಪ್ರೊಫಾರ್ಮಾ ಸಾಕು. ಎರಡು ತಿಂಗಳು, ಕಾರ್ನಿಯಾ ಹುಣ್ಣೆಂದು ಬಂದ ಪ್ರತಿಯೊಬ್ಬರನ್ನೂ ಬಿಡದೆ ಕೇಳಬೇಕು. ಇಷ್ಟ ಬಂದವರನ್ನು ಆರಿಸಿ ಕೇಳುವಂತಿಲ್ಲ. ಜತೆಗೆ ಮೈಕ್ರೊಬಯಾಲಜಿಗೆ ಹೋಗಿ, ಹುಣ್ಣಿನಿಂದ ಕೆರೆದು ತೆಗೆದದ್ದಕ್ಕೆ ಕೆಒಎಚ್ ಎಂಬ ದ್ರಾವಣ ಹಾಕಿ ಮೈಕ್ರೊಸ್ಕೋಪ್‌ನಲ್ಲಿ ಫಂಗಸ್ ಎಳೆ ನೋಡುವುದನ್ನು ಕಲಿಯಬಹುದು. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಬಾರದ ಪಾಠ ಅದೊಂದು ಎಳೆ ಕಂಡಾಗ ಬರುತ್ತದೆ.

ಇನ್ನು ಎಸ್‌ಟಿಎಸ್ ವಿಷಯ. ಇದು 1979ರಿಂದ ನಡೆಯುತ್ತಿರುವ ಯೋಜನೆ. ಎರಡು ತಿಂಗಳ ಸಣ್ಣ ಪ್ರಾಜೆಕ್ಟು, ಸ್ಟೈಪೆಂಡು, ವರದಿ ಒಪ್ಪಿಗೆಯಾದರೆ ಸರ್ಟಿಫಿಕೇಟು. ನಿಮ್ಮದೇ ಕಾಲೇಜಿನ ಒಬ್ಬ ಅಧ್ಯಾಪಕರು ಗೈಡ್ ಆಗಬೇಕು. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಹಣ ಕೊಡುತ್ತದೆ. ಈಗಿನ ಸಿಲಬಸ್‌ನಲ್ಲಿ ನೀವೇ ವಿಷಯ ಆರಿಸಿಕೊಳ್ಳುವ ಎಲೆಕ್ಟಿವ್ ಇದೆ, ಹಳ್ಳಿಯ ಮನೆಗಳ ಆರೋಗ್ಯ ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮ ಇದೆ. ದತ್ತು ತೆಗೆದುಕೊಂಡ ಮನೆಗಳಿಗೆ ಹೇಗೂ ಹೋಗುತ್ತೀರಿ, ಅಲ್ಲಿನ ಹಿರಿಯರ ಕಣ್ಣನ್ನೂ ನೋಡಿ. ಇವು ಯಾವುದೂ ಸಿಗಲಿಲ್ಲ ಅಂದರೂ ಗೈಡ್ ಒಪ್ಪಿದರೆ ಹಣವಿಲ್ಲದೆ ಮಾಡುವ ಕೆಲಸ ಬೇಕಾದಷ್ಟಿದೆ. ಎಸ್‌ಟಿಎಸ್‌ಗೆ ಆಯ್ಕೆಯಾಗಲಿಲ್ಲ ಎಂದು ತಯಾರಿದ್ದ ಪ್ರಶ್ನೆಯನ್ನು ಕಸದಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಗೈಡ್ ಹುಡುಕುವಾಗ ಹುದ್ದೆ ನೋಡಬೇಡಿ. ಫೋನ್ ಎತ್ತುವವರಾ, ಬರೆದದ್ದನ್ನು ಓದಿ ಕೆಂಪು ಪೆನ್ನಲ್ಲಿ ತಿದ್ದಿ ಕೊಡುವವರಾ, ಅದನ್ನು ನೋಡಿ. ಹೋದ ವರ್ಷ ಅವರ ಕೈಕೆಳಗೆ ಮಾಡಿದ ಸೀನಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳು ಎಷ್ಟೋ ಸಲ ತುಂಬಾ ಒಳ್ಳೆಯ ಗೈಡ್ ಆಗುತ್ತಾರೆ.

ಕಣ್ಣುದಾನದ ಬಗ್ಗೆ ಮಾಡುತ್ತೇವೆ ಎಂದು ಬರುವವರು ಬಹಳ. ಅದಕ್ಕೆ ಕಾರಣವೂ ಗೊತ್ತಿರುವುದೇ. ಕರ್ನಾಟಕದಲ್ಲಿ ಕಣ್ಣುದಾನ ಅಂದರೆ ನೆನಪಾಗುವುದು ಡಾ. ರಾಜ್‌ಕುಮಾರ್. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಕಾರ್ನಿಯಾಗಳನ್ನು ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಮುಂಭಾಗದ ಪದರ ಕೆಟ್ಟವರಿಗೆ ಮುಂಭಾಗ, ಹಿಂಭಾಗದ ಪದರ ಕೆಟ್ಟವರಿಗೆ ಹಿಂಭಾಗ. ಆಮೇಲೆ ಹೆಸರು ನೋಂದಾಯಿಸಲು ಜನ ಸಾಲುಗಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ.

ಆದರೆ ವಿದ್ಯಾರ್ಥಿಗಳು ತರುವ ಟಾಪಿಕ್ ಮಾತ್ರ ಬಹುತೇಕ ಒಂದೇ: ನರ್ಸಿಂಗ್ ವಿದ್ಯಾರ್ಥಿಗಳಲ್ಲಿ, ಇಲ್ಲವೇ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಕಣ್ಣುದಾನದ ಅರಿವು. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪಿಗೆ ಬಿಟ್ಟರೆ ಮುಗಿಯಿತು. ಇಂಥವು ಈಗಾಗಲೇ ಬೇಕಾದಷ್ಟು ಬಂದಿವೆ. ಇನ್ನೊಂದು ಬಂದರೆ ಯಾರ ಕಣ್ಣಿಗೂ ಕಾರ್ನಿಯಾ ಸಿಗುವುದಿಲ್ಲ. ದಾನ ಕೈಗೂಡುವುದು ಸಹಿ ಹಾಕಿದ ದಿನ ಅಲ್ಲ, ಸಾವಾದ ದಿನ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮೊದಲೇ ಮನೆಯವರು ಒಪ್ಪಿ, ದಾನದ ಕಣ್ಣು ಸಂಗ್ರಹಿಸುವ ಐ ಬ್ಯಾಂಕಿಗೆ ಫೋನ್ ಹೋಗಬೇಕು. ಹಾಗಾಗಿ ಕೇಳಬೇಕಾದ್ದು ಬೇರೆ. ನಿಮ್ಮ ಆಸ್ಪತ್ರೆಯಲ್ಲಿ ಕಳೆದ ಆರು ತಿಂಗಳಲ್ಲಿ ಸತ್ತವರಲ್ಲಿ ಎಷ್ಟು ಜನರ ಮನೆಯವರನ್ನು ಯಾರಾದರೂ ಒಂದು ಮಾತು ಕೇಳಿದರು? ಕೇಳಿದ್ದು ಯಾರು, ವಾರ್ಡಿನ ಸಿಸ್ಟರಾ, ಕೌನ್ಸೆಲರಾ, ಡ್ಯೂಟಿ ಡಾಕ್ಟರಾ? ಬೇಡ ಎಂದವರು ಏಕೆ ಬೇಡ ಎಂದರು? ವಾರ್ಡಿನ ಸಾವಿನ ರಿಜಿಸ್ಟರು ಮತ್ತು ಐ ಬ್ಯಾಂಕಿನ ರಿಜಿಸ್ಟರು ಎದುರುಬದುರು ಇಟ್ಟುಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಸಿಸ್ಟರುಗಳ ಜತೆ ಕೂತು ಮಾತಾಡಬೇಕು.

ಎಐ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುವವರು ಈಗ ಹೆಚ್ಚಾಗಿದ್ದಾರೆ. ಆಸೆ ಒಳ್ಳೆಯದೇ. ಐಸಿಎಂಆರ್‌ನ 2023ರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಷ್ಟೂ ಜನರ ರೆಟಿನಾವನ್ನು, ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ಪದರವನ್ನು, ವರ್ಷಕ್ಕೊಮ್ಮೆ ನೋಡುವಷ್ಟು ಕಣ್ಣಿನ ಡಾಕ್ಟರುಗಳು ನಮ್ಮಲ್ಲಿಲ್ಲ. 2016ರಲ್ಲಿ ಗೂಗಲ್ ತಂಡ ಪ್ರಕಟಿಸಿದ ಹೆಸರಾಂತ ಕೆಲಸದಲ್ಲಿ ಕಂಪ್ಯೂಟರಿಗೆ 1,28,175 ರೆಟಿನಾ ಚಿತ್ರ ತೋರಿಸಿ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಡುವ ಡಯಾಬಿಟಿಕ್ ರೆಟಿನೋಪತಿಯನ್ನು ಗುರುತಿಸುವುದನ್ನು ಕಲಿಸಿದರು. ಆ ಚಿತ್ರಗಳಲ್ಲಿ ಅರವಿಂದ್, ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ರೋಗಿಗಳವೂ ಇದ್ದವು. ಆದರೆ ಗಮನಿಸಿ, ಪ್ರತಿ ಚಿತ್ರವನ್ನು ಮೂರರಿಂದ ಏಳು ಸಲ ಡಾಕ್ಟರುಗಳು ನೋಡಿ ಗ್ರೇಡ್ ಮಾಡಿದ್ದರು. ಅದಕ್ಕೆ 54 ಡಾಕ್ಟರುಗಳು ಕೂತಿದ್ದರು. ಮುಂದೆ ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಇಂಥ ವ್ಯವಸ್ಥೆ ಬಳಸಿದಾಗ ಸುಮಾರು ಐದರಲ್ಲಿ ಒಂದು ಚಿತ್ರ ಸ್ಪಷ್ಟವಿಲ್ಲವೆಂದು ಕಂಪ್ಯೂಟರು ಓದಲೇ ಇಲ್ಲ. ಕೋಣೆ ಸಾಕಷ್ಟು ಕತ್ತಲಾಗಿರಲಿಲ್ಲ ಅನ್ನುವಂಥ ಕಾರಣಗಳು.

ವಿದ್ಯಾರ್ಥಿಗೆ ಜಾಗ ಇರುವುದು ಇಲ್ಲೇ. ಕೋಡ್ ಬರೆಯಲು ಬಂದರೆ ಸಂತೋಷ. ಬಾರದಿದ್ದರೂ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾಮೆರಾ ಇಟ್ಟರೆ ಎಷ್ಟು ಚಿತ್ರ ಓದುವಂತೆ ಬರುತ್ತವೆ, ಬಾರದಿದ್ದರೆ ಏಕೆ, ಪೊರೆ ಇದ್ದದ್ದಕ್ಕಾ, ಪಾಪೆ ಚಿಕ್ಕದಿದ್ದದ್ದಕ್ಕಾ ಅನ್ನುವುದು ಪೂರ್ತಿ ಬೆಲೆಯುಳ್ಳ ಪ್ರಶ್ನೆ. ಒಂದೇ ಕಟ್ಟುನಿಟ್ಟು: ರೋಗಿಯ ಚಿತ್ರ ನಿಮ್ಮ ಫೋನಿನಲ್ಲಿ ಇರಬಾರದು, ವಾಟ್ಸಾಪಿನಲ್ಲಿ ಓಡಾಡಲೂಬಾರದು.

ಸಂಶೋಧನೆಯಿಂದ ರೋಗಿಗೆ ಅನ್ಯಾಯವಾಗದಂತೆ ನೋಡಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಅಂದರೆ ಮಕ್ಕಳು ಸಹಿ ಹಾಕಿಸಿಕೊಳ್ಳುವ ಕಚೇರಿ ಅಂದುಕೊಂಡಿರುತ್ತಾರೆ. ಅನುಮತಿ ಕೈಗೆ ಬರುವ ಮೊದಲು ಒಬ್ಬ ರೋಗಿಯ ವಿವರವನ್ನೂ ಬರೆಯುವಂತಿಲ್ಲ. ತಡವಾಗುತ್ತದೆ ಎಂದು ಮೊದಲೇ ಶುರು ಮಾಡುವುದು ತಪ್ಪು, ಸಣ್ಣ ಪ್ರಾಜೆಕ್ಟ್ ಆದರೂ ತಪ್ಪೇ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದೂ ಬಸ್ಸಿಳಿದು ಬಂದ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ. ಬರೆದ ಮೇಲೆ ನಿಮ್ಮ ಹಾಸ್ಟೆಲಿನ ಅಡುಗೆಯವರಿಗೋ ಸೆಕ್ಯೂರಿಟಿ ಅಣ್ಣನಿಗೋ ಓದಿ ಹೇಳಿ, ತಿಳಿಯಿತಾ ಕೇಳಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಶಾಲೆಯಲ್ಲಿ ಕಣ್ಣು ನೋಡುವ ಕೆಲಸವಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ಮತ್ತೆ, ಬೋರ್ಡು ಕಾಣದ ಮಗು ಸಿಕ್ಕಿದರೆ ಅದನ್ನು ಎಕ್ಸೆಲ್‌ನಲ್ಲಿ ಒಂದು ಸಾಲು ಮಾಡಿ ಬಂದುಬಿಡಬಾರದು. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾಮಕ್ಕಳಿಗೆ ಉಚಿತ ಕನ್ನಡಕ ಸಿಗುತ್ತದೆ. ಆ ಮಗುವಿನ ಮೂಗಿನ ಮೇಲೆ ಕನ್ನಡಕ ಕೂರುವ ದಾರಿಯನ್ನು ಪ್ರೊಪೋಸಲ್‌ನಲ್ಲೇ ಬರೆದಿರಿ.

ಅಳತೆಯ ವಿಷಯಕ್ಕೆ ಬರುತ್ತೇನೆ. ಕಣ್ಣಿನ ಸಂಶೋಧನೆಗೇ ಹೊಂದಿಕೊಂಡ ಕೆಲವು ಸೂಕ್ಷ್ಮಗಳಿವೆ, ಬೇರೆ ವಿಭಾಗದ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಇವು ಸಿಗುವುದಿಲ್ಲ. ಮೊದಲನೆಯದು ಎರಡು ಕಣ್ಣಿನ ತೊಡಕು. 50 ರೋಗಿಗಳನ್ನು ನೋಡಿ, 100 ಕಣ್ಣು ಎಂದು ಬರೆದು, 100 ಬೇರೆ ಬೇರೆ ಜನರ ಹಾಗೆ ಲೆಕ್ಕ ಹಾಕುವುದು. ಒಬ್ಬರ ಬಲಗಣ್ಣು ಎಡಗಣ್ಣು ಒಂದನ್ನೊಂದು ಹೋಲುತ್ತವೆ. ಅವಳಿ ಮಕ್ಕಳ ಎತ್ತರವನ್ನು ಎರಡು ಮನೆಯ ಮಕ್ಕಳ ಎತ್ತರ ಎಂದು ಬರೆದಂತೆ ಆಗುತ್ತದೆ ಇದು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಇಲ್ಲದ ವ್ಯತ್ಯಾಸ ಇದೆ ಅನ್ನಿಸುತ್ತದೆ. ಒಬ್ಬರಿಂದ ಒಂದೇ ಕಣ್ಣು ತೆಗೆದುಕೊಳ್ಳಿ, ಯಾವ ಕಣ್ಣು ಎಂಬ ನಿಯಮವನ್ನು ಮೊದಲೇ ಬರೆಯಿರಿ. ಎರಡೂ ಬೇಕೇ ಬೇಕು ಅಂದರೆ ಅದಕ್ಕೆ ಸರಿಯಾದ ಲೆಕ್ಕದ ವಿಧಾನವಿದೆ, ಸ್ಟ್ಯಾಟಿಸ್ಟಿಶಿಯನ್ ಬೇಕು. ಅವರ ಹತ್ತಿರ ಹೋಗಬೇಕಾದ್ದು ಡೇಟಾ ಮುಗಿದ ಮೇಲೆ ಅಲ್ಲ, ಶುರು ಮಾಡುವ ಮೊದಲು.

ಎರಡನೆಯದು ದೃಷ್ಟಿಯ ಅಂಕಿ. 6/60 ಅಂದರೆ ಒಳ್ಳೆಯ ಕಣ್ಣಿಗೆ 60 ಮೀಟರಿನಿಂದ ಕಾಣುವ ಅಕ್ಷರ ಈ ಕಣ್ಣಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ. 6/60, 6/18 ಎಂದು ಬರೆದವನ್ನು ಭಿನ್ನರಾಶಿಯಂತೆ ಕೂಡಿ ಸರಾಸರಿ ತೆಗೆಯಬಾರದು. ಲಾಗ್‌ಮಾರ್ ಎಂಬ ಅಳತೆಗೆ ಬದಲಿಸಿಕೊಳ್ಳಬೇಕು: 6/6 ಅಂದರೆ 0, 6/60 ಅಂದರೆ 1. ಪಿನ್‌ಹೋಲ್, ಅಂದರೆ ಸಣ್ಣ ತೂತಿರುವ ಬಿಲ್ಲೆ, ಇಟ್ಟು ನೋಡಿದ್ದನ್ನು ಬೇರೆಯಾಗಿ ಬರೆಯಬೇಕು. ಪಿನ್‌ಹೋಲ್‌ನಲ್ಲಿ ಸುಧಾರಿಸಿದರೆ ಕನ್ನಡಕದಿಂದ ಸರಿಹೋಗುವ ಸಾಧ್ಯತೆ ಹೆಚ್ಚು, ಸುಧಾರಿಸದಿದ್ದರೆ ಒಳಗೆ ಬೇರೇನೋ ಇರಬಹುದು. ಚಾರ್ಟು ಆರು ಮೀಟರ್ ದೂರದಲ್ಲಿದೆಯಾ, ಮೇಲಿನ ಟ್ಯೂಬ್‌ಲೈಟು ಉರಿಯುತ್ತಿದೆಯಾ? ಅಕ್ಷರ ಬಾರದವರಿಗೆ ಇ ಚಾರ್ಟ್ ತೋರಿಸಿದಿರಾ? ಕನ್ನಡಕದ ನಂಬರು ನೋಡುವ ರೆಫ್ರಾಕ್ಷನ್ ರೂಮಿನ ಆಪ್ಟೊಮೆಟ್ರಿಸ್ಟ್ ಹತ್ತಿರ ನಾಲ್ಕು ದಿನ ಕಲಿತರೆ ಇವೆಲ್ಲ ಕೈಗೆ ಹತ್ತುತ್ತವೆ. ಎಲ್ಲ ರೋಗಿಗಳ ವಿವರ ಒಟ್ಟಿಗೆ ಇರುವ ಮಾಸ್ಟರ್ ಚಾರ್ಟನ್ನು ದಿನದಿನವೇ ತುಂಬಿ. ಕೊನೆಯ ವಾರ ಕೂತು ತುಂಬಿದ ಚಾರ್ಟಿನಲ್ಲಿ ಖಾಲಿ ಬಿಟ್ಟ ಮನೆಗಳನ್ನು ಅಂದಾಜಿನಲ್ಲಿ ಭರ್ತಿ ಮಾಡುವ ಆಸೆ ಬರುತ್ತದೆ. ಖಾಲಿ ಇದ್ದರೆ ಖಾಲಿ ಎಂದೇ ಬರೆಯಬೇಕು.

ಸಾಮಾನ್ಯ ಕೇಸ್‌ಶೀಟನ್ನು ಸರಿಯಾಗಿ ತುಂಬುವುದು ಎಷ್ಟು ದೊಡ್ಡದು ಅನ್ನುವುದನ್ನು 2021ರಲ್ಲಿ ಇಡೀ ದೇಶ ನೋಡಿತು. ಕೋವಿಡ್ ಜತೆ ಬ್ಲ್ಯಾಕ್ ಫಂಗಸ್ ಬಂದಾಗ ದೇಶದ ಹಲವು ಊರುಗಳ ಕಣ್ಣಿನ ಡಾಕ್ಟರುಗಳು ತಮ್ಮ ರೋಗಿಗಳ ವಿವರ ಒಟ್ಟುಗೂಡಿಸಿದರು. 2826 ರೋಗಿಗಳ ಆ ವರದಿ ಇಂಡಿಯನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಬಂತು. ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಸ್ಟೀರಾಯ್ಡ್ ಸಿಕ್ಕಿತ್ತು ಎಂಬುದು ಅಷ್ಟು ಬೇಗ ಗೊತ್ತಾಗಿದ್ದು ವಾರ್ಡುಗಳಲ್ಲಿ ಯಾರೋ ಆ ಕಾಲಂಗಳನ್ನು ತುಂಬಿದ್ದರಿಂದ. ಅಂದಹಾಗೆ ಈ ಜರ್ನಲನ್ನು ನೆಟ್‌ನಲ್ಲಿ ದುಡ್ಡು ಕೊಡದೆ ಓದಬಹುದು. ವಾರಕ್ಕೆ ಒಂದು ಪೇಪರ್ ಓದಿ, ಅದರಲ್ಲಿ ವಿಧಾನದ ಭಾಗವನ್ನು ಎರಡು ಸಲ ಓದಿ.

ಪ್ರಕಟಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಖಕರ ಪಟ್ಟಿಯಲ್ಲಿ ಯಾರು ಎಲ್ಲಿ ಎಂಬುದನ್ನು ಮೊದಲ ತಿಂಗಳೇ ಮಾತಾಡಿಕೊಳ್ಳಿ. ಕೇಳಲು ಸಂಕೋಚ ಬೇಡ. ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಷ್ಟು ದುಡ್ಡು ಕಳಿಸಿ, ವಾರದಲ್ಲಿ ಹಾಕಿಕೊಡುತ್ತೇವೆ ಎಂದು ಮೇಲ್ ಕಳಿಸುವ ಜರ್ನಲ್‌ಗಳಿಗೆ ನಿಮ್ಮ ಎರಡು ತಿಂಗಳ ಬೆವರನ್ನು ಕೊಡಬೇಡಿ.

ಪೇಪರ್ ಆಗದೆಯೂ ಫಲ ಕೊಟ್ಟ ಒಂದು ಕೆಲಸ ನಮ್ಮಲ್ಲೇ ನಡೆದಿದೆ. ದಿನ ತುಂಬದೆ ಹುಟ್ಟಿದ ಶಿಶುಗಳ ರೆಟಿನಾದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣು ಹೋಗುವ ಕಾಯಿಲೆ ಆರ್‌ಒಪಿ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಶಿಶುವಿನ ಕಣ್ಣನ್ನು ಹುಟ್ಟಿದ ಒಂದು ತಿಂಗಳೊಳಗೆ ನೋಡಲೇಬೇಕು. ತೀರಾ ಮುಂಚೆ ಹುಟ್ಟಿದವುಗಳನ್ನು ಇನ್ನೂ ಬೇಗ. ಸಮಯಕ್ಕೆ ಲೇಸರ್ ಆದರೆ ಕಣ್ಣು ಉಳಿಯುತ್ತದೆ. ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಎಂಬ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಟೆಕ್ನಿಶಿಯನ್‌ಗಳು ಜಿಲ್ಲೆಗಳ ಎನ್‌ಐಸಿಯುಗಳಿಗೇ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೇ, ಕ್ಯಾಮೆರಾ ಒಯ್ದು ಚಿತ್ರ ತೆಗೆಯುತ್ತಾರೆ, ಬೆಂಗಳೂರಲ್ಲಿ ಕೂತ ತಜ್ಞರು ನೋಡಿ ಹೇಳುತ್ತಾರೆ.

ಇದನ್ನು ಓದಿದ ನಮ್ಮ ಒಬ್ಬ ವಿದ್ಯಾರ್ಥಿನಿ, ನಮ್ಮ ಎನ್‌ಐಸಿಯುನಿಂದ ಮನೆಗೆ ಹೋದ ಇಂಥ ಶಿಶುಗಳಲ್ಲಿ ಎಷ್ಟು ಸಮಯಕ್ಕೆ ಕಣ್ಣಿನ ಪರೀಕ್ಷೆಗೆ ಬಂದವು ಎಂದು ರಿಜಿಸ್ಟರ್ ಹಿಡಿದು ಎಣಿಸಿದಳು. ಬಾರದವರ ತಾಯಂದಿರಿಗೆ ಫೋನ್ ಮಾಡಿದಳು. "ಕೂಸು ಚೆನ್ನಾಗೇ ನೋಡ್ತದಲ್ಲವ್ವಾ, ಯಾಕೆ ಬರ್ಬೇಕು?" ಎಂದರು ಕೆಲವರು. ಬಾಣಂತನಕ್ಕೆ ತವರಿಗೆ ಹೋದವರಿಗೆ ಅಲ್ಲಿಂದ ಬಸ್ಸಿರಲಿಲ್ಲ. ಪರೀಕ್ಷೆಯ ದಿನ ಡಿಸ್ಚಾರ್ಜ್ ಕಾರ್ಡಿನ ಹಿಂಬದಿ, ಇಂಗ್ಲಿಷಿನಲ್ಲಿ, ಔಷಧಿಗಳ ಕೆಳಗೆ ಇತ್ತು. ಅವಳು ಇದನ್ನು ಒಂದು ಪೋಸ್ಟರ್ ಮಾಡಿದಳು, ಜರ್ನಲ್‌ಗೆ ಹೋಗಲಿಲ್ಲ. ಆದರೆ ಮಕ್ಕಳ ವಿಭಾಗದವರು ಅದನ್ನು ನೋಡಿ ಕಾರ್ಡನ್ನೇ ಬದಲಿಸಿದರು. ಈಗ ಕಣ್ಣಿನ ಪರೀಕ್ಷೆಯ ತಾರೀಖು ಮುಂಬದಿಯಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಇರುತ್ತದೆ. ತಪ್ಪಿಸಿಕೊಂಡವರ ಪಟ್ಟಿ ಆಶಾ ಕಾರ್ಯಕರ್ತೆಯರಿಗೆ ಹೋಗುತ್ತದೆ. ಅವಳ ಜೂನಿಯರ್ ಒಬ್ಬ ಅದೇ ರಿಜಿಸ್ಟರ್ ತೆಗೆದುಕೊಂಡು, ಕಾರ್ಡ್ ಬದಲಾದ ಮೇಲೆ ಎಷ್ಟು ಶಿಶುಗಳು ಸಮಯಕ್ಕೆ ಬಂದವು ಎಂದು ಈಗ ಎಣಿಸುತ್ತಿದ್ದಾನೆ.